ಔರಾದಿನ ಕಂಡಕ್ಟರು ಕಡಲಿಗೆ ಇಳಿದದ್ದು

ಮಲ್ಪೆಯಲ್ಲಿ ಆ ಹಾಯಿದೋಣಿ ಹತ್ತಿದವರು ನಾಲ್ವರು: ದೋಣಿಯ ಯಜಮಾನರು, ನಾನು, ನಮ್ಮ ಸೋದರಮಾವ, ಮತ್ತು ಮಾಮಾನ ಜೀವದ ಗೆಳೆಯ ಡ್ರೈವರ್ ಸಾಹೇಬರು. ನಾಲ್ವರಲ್ಲಿ ಸಮುದ್ರದ ಬಗ್ಗೆ ಅತಿ ಹೆಚ್ಚು ಮಾತಾಡಬಲ್ಲವನು ಮಾಮಾ. ಅವನಿಗೆ ಗೊತ್ತಿಲ್ಲದ್ದು ಒಂದೇ, ಅದು ನೋಡಲು ಹೇಗಿರುತ್ತದೆ ಎಂಬುದು!

ಅವನ ತಪ್ಪೇನು? ಊರು ಔರಾದ. ಅಲ್ಲಿಗೆ ರೈಲೇ ಬಂದಿಲ್ಲ, ಸಮುದ್ರ ಎಲ್ಲಿಂದ ಬಂದೀತು? ಇಪ್ಪತ್ತೆರಡು ವರ್ಷ ಔರಾದ–ಬೀದರ ಬಸ್ಸಿನಲ್ಲಿ ಮಾಮಾ ಕಂಡಕ್ಟರು, ಸಾಹೇಬರು ಡ್ರೈವರು. ಇಬ್ಬರೂ ನಿವೃತ್ತರಾದ ಮೇಲೆ ಮಾಮಾನಿಗೆ ಇದ್ದಕ್ಕಿದ್ದಂತೆ ಹಳೆಯ ಬಂದರುಗಳ ಹುಚ್ಚು ಹಿಡಿಯಿತು. ಬಹಮನಿ ಸುಲ್ತಾನರ ಕುದುರೆಗಳು ಹಡಗಿನಲ್ಲಿ ಬಂದು, ಪಡುವಣ ದಂಡೆಯಲ್ಲಿ ಇಳಿದು, ಬೀದರಿನ ತನಕ ನಡೆದವಂತೆ. "ಕುದುರಿ ನೋಡ್ಯಾವ, ನಾವು ನೋಡಿಲ್ಲ ಅಂದ್ರ ಹ್ಯಾಂಗ?" ಎಂಬುದು ಅವನ ವಾದ. ಕುದುರೆಯ ಜೊತೆ ಪೈಪೋಟಿಗೆ ಬಿದ್ದವನಿಗೆ ಬುದ್ಧಿ ಹೇಳುವವರು ಯಾರು?

ಹಾಯಿ ಬಿಚ್ಚುವ ಅಭ್ಯಾಸ ಮಾಳಿಗೆಯ ಮೇಲೆ, ಅತ್ತೆಯ ಇಳಕಲ್ ಸೀರೆಯಲ್ಲಿ ನಡೆಯಿತು. ಗಾಳಿ ಬಂತು. ಸೀರೆ ಹಾರಿ ಪಕ್ಕದ ಮನೆಯ ಬೇವಿನ ಮರದಲ್ಲಿ ಲಂಗರು ಹಾಕಿತು. ಅತ್ತೆ ಅಂಗಳದಿಂದಲೇ ಕೇಳಿದಳು: "ಹಡಗ ಊರು ಮುಟ್ತೇನ್ರಿ? ಮುಟ್ಟಿದ್ರ ನನ್ನ ಸೀರಿ ಇಳಿಸಿ ಕೊಡ್ರಿ."

ಸಾಹೇಬರದು ಬೇರೆಯೇ ಕಥೆ. ಎರಡೂ ಕಣ್ಣಿಗೆ ಪೊರೆ ಬಂದು, ಎದುರು ನಿಂತ ಮನುಷ್ಯ ಹೊಗೆಯಂತೆ ಕಾಣುತ್ತಿದ್ದ. ಬೇಗ ಆಪರೇಷನ್ ಮಾಡಿಸಿಕೊಳ್ಳಿ, ಇನ್ನೂ ತಡವಾದರೆ ಕಷ್ಟ ಎಂದು ಬೀದರಿನ ಡಾಕ್ಟರು ಹೇಳಿದ್ದರು. ಸಾಹೇಬರದು ಒಂದೇ ಮಾತು: "ಗಾಡಿನೇ ನಡಸೂದಿಲ್ಲ ಅಂದಮ್ಯಾಲ ಕಣ್ಣು ತೊಗೊಂಡು ಏನ್ ಮಾಡ್ಲಿ?" ಮನೆಯವರು ಹೇಳಿ ಸೋತರು. ಮಾಮಾ ಹೇಳಿ, ಜಗಳಾಡಿ, ಎಂಟು ದಿನ ಮಾತು ಬಿಟ್ಟು ಸೋತ. ಒಂಬತ್ತನೆಯ ದಿನ ಹೋಗಿ, "ನಡಿ ಸಾಹೇಬ, ಬಂದರ್ ನೋಡಿ ಬರೂಣು" ಎಂದ.

ಸಾಹೇಬರ ಮನೆಮಾತು ದಖನಿ ಉರ್ದು. ಅದರಲ್ಲಿ ಬಂದರ್ ಎಂದರೆ ಮಂಗ.

"ಬಂದರ್ ನೋಡ್ಲಾಕ ಸಮುದ್ರತನಾ ಯಾಕ್ ಹೋಗ್ಬೇಕೋ? ಬೀದರ ಕೋಟ್ಯಾಗ ಕಮ್ಮಿ ಅವ ಏನು? ಇಲ್ಲೇ ನನ್ನ ಮುಂದೂ ಒಂದು ನಿಂತದ. ಸ್ವಲ್ಪ ಮಸುಕ ಕಾಣ್ತದ, ಖರೆ."

ಹೇಳಿ ತಾವೇ ನಕ್ಕರು. ನಕ್ಕವರು ಬಂದರು.

ದೋಣಿ ಹೊರಟದ್ದೇ ತಡ, ಮಾಮಾ ಅದನ್ನು ಬಸ್ಸು ಮಾಡಿಬಿಟ್ಟ. ಇದ್ದ ಮೂವರಿಗೇ "ಮುಂದ ಸರೀರಿ, ಮುಂದ ಜಾಗಾ ಅದ" ಎಂದ. ಗಂಗೊಳ್ಳಿಯ ಅಳಿವೆಯಿಂದ ಹೊಳೆಗೆ ತಿರುಗಿದಾಗ, "ಬಸರೂರಿಗೆ ಇಳಿಯೋರು ಬಾಗಲಕ ಬರ್ರಿ" ಎಂದು ಕೂಗಿದ. ಯಜಮಾನರು ಸುತ್ತಲೂ ನೋಡಿ, "ಬಾಗಿಲು ಎಲ್ಲುಂಟು ಮಾರಾಯ್ರೆ?" ಎಂದರು.

ಬಸರೂರಿನಲ್ಲಿ ಹೊಳೆಗೆ ಇಳಿಯುವ ಹಳೆಯ ಮೆಟ್ಟಿಲುಗಳನ್ನು ಸಾಹೇಬರು ಕೈಯಿಂದ ತಡವಿ, "ಹ್ಯಾಂಗ ಅದನೋ ಊರು?" ಎಂದು ಕೇಳಿದರು. "ಭಾರಿ ಅದ" ಎಂದ ಮಾಮಾ. ಭಟ್ಕಳದ ಹಳೆಯ ಓಣಿಯಲ್ಲಿ ನಿಂತು ಮತ್ತೆ ಕೇಳಿದರು. "ಇದೂ ಭಾರಿ ಅದ." ದಿನವಿಡೀ ಬಾಯಿ ಮುಚ್ಚದವನಿಗೆ ಕಂಡದ್ದನ್ನು ಹೇಳಲು ಎರಡು ಮಾತು ಬಾರದು, ಏನು ವಿಚಿತ್ರ!

ಮೂರನೆಯ ದಿನ, ಭಟ್ಕಳ ದಾಟಿ ಬಯಲು ಸಮುದ್ರಕ್ಕೆ ಬಂದಾಗ, ಮಾಮಾ ಯಜಮಾನರಿಗೆ, "ಚುಕ್ಕಾಣಿ ಸ್ವಲ್ಪ ನಮ್ಮ ಸಾಹೇಬನ ಕೈಯಾಗ ಕೊಡ್ರಿ" ಎಂದ.

"ಅವರಿಗೆ ಕಣ್ಣು ಕಾಣುದಿಲ್ಲ ಅಲ್ವಾ?"

"ಇಲ್ಲಿ ಎಮ್ಮಿ ಅಡ್ಡ ಬರೂದಿಲ್ಲಲ್ರಿ."

ಯಜಮಾನರು ನಕ್ಕು, ಪಕ್ಕದಲ್ಲೇ ಕೂತು, ಚುಕ್ಕಾಣಿ ಒಪ್ಪಿಸಿದರು. ಸಾಹೇಬರ ಬಾಗಿದ ಬೆನ್ನು ನೆಟ್ಟಗಾಯಿತು. ಹಾಯಿ ಒಮ್ಮೆ ಪಟಪಟಿಸಿ ತುಂಬಿಕೊಂಡಿತು. ದೋಣಿ ವಾಲಿ ಹೊರಟಿತು.

"ಗೇರ್ ಇಲ್ಲೇನು?"

"ಇಲ್ಲ."

"ಬ್ರೇಕ್?"

"ಅದೂ ಇಲ್ಲ."

"ಹಂಗಂದ್ರ ನಮ್ಮ ಹಳೀ ಗಾಡಿನೇ ಬಿಡು" ಎಂದರು ಸಾಹೇಬರು. ಗಾಳಿಗೆ ಮುಖವೊಡ್ಡಿ ನಡೆಸಿದರು. ಆಮೇಲೆ, "ಎದುರಿಗೆ ಏನ್ ಅದ?"

"ನೀರು."

"ಹ್ಯಾಂಗ ಅದ?"

ಮಾಮಾ ಬಹಳ ಯೋಚಿಸಿದ. "ಭಾರಿ ಅದ."

"ಇಪ್ಪತ್ತೆರಡು ವರ್ಷ ಹೋಲ್ಡಾನ್, ರೈಟ್ ಅಂದು ನಿನ್ನ ನಾಲಿಗಿ ಸತ್ತುಹೋಗ್ಯಾದ. ನಿನ್ನ ನಂಬಿ ಕುಂತ್ರ ಆಗೂದಿಲ್ಲ. ನಾನೇ ನೋಡ್ಬೇಕು."

ಮಾಮಾ ಮುಖ ಆ ಕಡೆ ತಿರುಗಿಸಿ ಕೂತ. ಹೊನ್ನಾವರ ಬಂದಾಗ ಕೂಗುವುದನ್ನೂ ಮರೆತ. ಸುಲ್ತಾನರ ಕುದುರೆಗಳ ಸುದ್ದಿಯನ್ನು ಆ ದಿನದಿಂದ ಅವನ ಬಾಯಲ್ಲಿ ನಾನು ಕೇಳಿಲ್ಲ; ಅವುಗಳ ಕೆಲಸ ಮುಗಿದಿತ್ತು.

ಮುಂದಿನ ತಿಂಗಳು ಬೀದರಿನಲ್ಲಿ ಸಾಹೇಬರ ಒಂದು ಕಣ್ಣಿನ ಆಪರೇಷನ್ ಆಯಿತು. ಪಟ್ಟಿ ಬಿಚ್ಚುವಾಗ ಮಾಮಾ ಎದುರಿನ ಸ್ಟೂಲಿನ ಮೇಲೆ ಕೂತಿದ್ದ. ಸಾಹೇಬರು ಅವನನ್ನೇ ಬಹಳ ಹೊತ್ತು ನೋಡಿದರು.

"ದೋಸ್ತ, ನೀ ಯಾವಾಗ ಇಷ್ಟು ಮುದುಕ ಆದಿ?"

ಮಾಮಾ ಕಣ್ಣಿನ ಹನಿಯ ಚೀಟಿ ಹಿಡಿದು ಔಷಧ ತರಲು ಹೋದ. ಅಂಗಡಿ ಆಸ್ಪತ್ರೆಯ ಬಾಗಿಲಲ್ಲೇ ಇತ್ತು. ಅವನು ತಿರುಗಿ ಬರಲು ಅರ್ಧ ತಾಸು ಹಿಡಿಯಿತು.