ನಮ್ಮ ಭಾವನ ಫೈರಿಂಗ್ ಸ್ಕ್ವಾಡ್

ಹಿರೇಕೆರೂರಿನಲ್ಲಿ ಒಬ್ಬರೇ ಒಬ್ಬರು ಇಡೀ ಊರಿಗೆ ಮರಣದಂಡನೆ ವಿಧಿಸಿದ್ದರು, ಒಬ್ಬರೂ ಸಾಯಲಿಲ್ಲ ಎಂದರೆ ನಂಬುತ್ತೀರಾ? ಅವರೇ ನಮ್ಮ ಅಕ್ಕನ ಗಂಡ! ಎರಡನೆಯ ಮಹಾಯುದ್ಧ ಮುಗಿದು ಪಲ್ಟನ್ನಿನಿಂದ ಮರಳುವಾಗ ಒಂದು ಟ್ರಂಕು, ಒಂದು ಜೊತೆ ಬೂಟು, ಒಂದು ಶಬ್ದ ತಂದರು: ಫೈರಿಂಗ್ ಸ್ಕ್ವಾಡ್. ಬೂಟು ಎರಡು ವರ್ಷಕ್ಕೆ ಸವೆಯಿತು. ಶಬ್ದ ಸವೆಯಲಿಲ್ಲ.

ಕ್ಷೌರಿಕ ತಡವಾಗಿ ಬಂದರೆ ಫೈರಿಂಗ್ ಸ್ಕ್ವಾಡ್. ಸಂತೆಯ ಬದನೆಕಾಯಿಯಲ್ಲಿ ಹುಳ ಸಿಕ್ಕರೆ ಮಾರಿದವಳಿಗೂ ಅದೇ, ಹುಳಕ್ಕೂ ಅದೇ! ಸಾರಿಗೆ ಉಪ್ಪು ಹೆಚ್ಚಾದ ದಿನ ಅಕ್ಕನನ್ನೇ ಹಿತ್ತಲ ಗೋಡೆಗೆ ನಿಲ್ಲಿಸುವ ಆಜ್ಞೆಯಾಯಿತು.

"ನಿಲ್ತೇನ್ರಿ. ಮೊದಲ ಇನ್ನೊಂದು ರೊಟ್ಟಿ ಹಾಕ್ಲೋ ಬ್ಯಾಡೋ, ಅದನ್ನ ಹೇಳ್ರಿ," ಎಂದಳು ಅಕ್ಕ.

ದಂಡನಾಯಕರು ತೆಪ್ಪಗೆ ತಾಟು ಮುಂದೆ ಸರಿಸಿದರು.

ಶಬ್ದದ ಅರ್ಥ ಕೇಳಿದರಂತೂ ಮುಗಿಯಿತು! ಮನೆಮುಂದಿನ ಕಟ್ಟೆಯ ಮೇಲೆ ನೆಟ್ಟಗೆ ನಿಂತು ಪಾಠ. "ತಪ್ಪು ಮಾಡಿದ ಸಿಪಾಯಿನ್ನ ಕಂಬಕ್ಕ ಕಟ್ಟತಾರ. ಎದುರಿಗೆ ಎಂಟು ಮಂದಿ, ಎಂಟು ಬಂದೂಕು. ಏಳರಾಗ ಗುಂಡು, ಒಂದರಾಗ ಬರೇ ಸಪ್ಪಳ. ಯಾವುದು ಅಂತ ಹೊಡಿಯಾವಗೂ ಗೊತ್ತಿರಂಗಿಲ್ಲ."

"ಯಾಕ್ರಿ ಭಾವ, ಗುಂಡು ಉಳಸಾಕ?" ಎಂದೆ. ಕಟ್ಟೆಯೆಲ್ಲ ನಕ್ಕಿತು. ನನಗೂ ಸ್ಥಳದಲ್ಲೇ ಶಿಕ್ಷೆಯಾಯಿತು.

ಒಂದು ದಿನ ಗೌಡರ ಕುದುರೆ ಕಾಲು ಮುರಿದುಕೊಂಡು ಹಳ್ಳದಲ್ಲಿ ಬಿದ್ದು ನರಳುತ್ತಿತ್ತು. ಗೌಡರು ತಮ್ಮ ಬಂದೂಕನ್ನು ಭಾವನ ಕೈಗೆ ಕೊಟ್ಟು, "ಪಲ್ಟನ್ನಿನ ಮಂದಿ ನೀವು. ಪಾಪ, ಒಂದ ಗುಂಡಿಗೆ ಬಿಡುಗಡೆ ಮಾಡ್ರಿ," ಎಂದರು.

"ಇನ್ನೂ ಏಳು ಬಂದೂಕು ತರಸ್ರಿ," ಎಂದರು ಭಾವ.

ಒಂದು ಕುದುರೆಗೆ ಎಂಟು ಬಂದೂಕೇ! ಹಾನಗಲ್ಲು, ಸವಣೂರು ಎರಡನ್ನೂ ಜಾಲಾಡಿದರೂ ಅಷ್ಟು ಸಿಕ್ಕಾವೇ? ಎಲ್ಲರಿಗಿಂತ ಜೋರಾಗಿ ನಕ್ಕವನು ನಾನೇ. ಭಾವ ಮಾತ್ರ ನಗಲಿಲ್ಲ. ಬಂದೂಕನ್ನು ಗೌಡರಿಗೇ ಮರಳಿಸಿ ಮನೆಯತ್ತ ನಡೆದರು. ನಾನೂ ಹಿಂದೆಯೇ ಹೋದೆ.

ಕಟ್ಟೆಯ ಮೇಲೆ ಕೂತಾಗ ಹಳ್ಳದ ಕಡೆಯಿಂದ ಢಂ ಎಂದಿತು. ಭಾವ ನನ್ನ ಕೈ ಹಿಡಿದುಕೊಂಡರು.

"ಕಂಬಕ್ಕ ಕಟ್ಟಿದ್ರಲ್ಲ, ಅವನೂ ನಮ್ಮ ಕಡಿಯವನ, ದುಂಡಸಿಯವ. ಅವ್ವನ್ನ ನೋಡಬೇಕಂತ ಪಲ್ಟನ್ ಬಿಟ್ಟು ಓಡಿದ್ದ. ಆ ಎಂಟು ಮಂದ್ಯಾಗ ನಾನೂ ಇದ್ದೆ." ಹಿಡಿದ ಕೈ ಬಿಡದೆ ಕೇಳಿದರು: "ಗುಂಡಿಲ್ಲದ ಬಂದೂಕು ನನ್ನದ ಇತ್ತಲ್ಲ?"

ಅಷ್ಟು ದಿನ ನಕ್ಕಿದ್ದಕ್ಕೆ ನನಗೆ ನಾಚಿಕೆಯಾಯಿತು. ಬಂದೂಕು ಮುಟ್ಟಿದವನಲ್ಲ, ಯುದ್ಧ ಕಂಡವನಲ್ಲ, ನನಗೇನು ಗೊತ್ತು?

"ನಿಮ್ಮದ ರಿ ಭಾವ. ನಿಮ್ಮದ," ಎಂದೆ.

ಆಮೇಲೂ ಎಷ್ಟೋ ಸಲ ಕೇಳಿದರು. ಅಷ್ಟೂ ಸಲ ಅದನ್ನೇ ಹೇಳಿದೆ.