ನಮ್ಮತ್ತೆಯ ಸ್ವಿಚ್ಚು ಪುರಾಣ

ಹೆಣ್ಣುಮಗಳು ಕಾಲಿಟ್ಟರೆ ಮನೆ ಬೆಳಗುತ್ತದೆ ಅನ್ನುವವರು ನಮ್ಮ ಸೋದರತ್ತೆಯನ್ನು ನೋಡಿಲ್ಲ. ಅವರು ಕಾಲಿಟ್ಟ ಐದು ನಿಮಿಷಕ್ಕೆ ಹಜಾರದ ದೀಪ ಹೋಗುತ್ತದೆ, ಹತ್ತು ನಿಮಿಷಕ್ಕೆ ಫ್ಯಾನು ನಿಲ್ಲುತ್ತದೆ, ಕಾಲು ಗಂಟೆಗೆ ಫ್ರಿಜ್ಜು ಕೂಡ ಕೊನೆಯ ಸಲ ಗುರ್ ಅಂದು ಸುಮ್ಮನಾಗುತ್ತದೆ! ನೀವು ಫ್ಯಾನಿನ ಕೆಳಗೇ ಕುಳಿತಿದ್ದೀರಾ? ಕುಳಿತಿರಿ, ಯಾರು ಬೇಡ ಅಂದರು?

"ಸುಮ್ಕೆ ಕುಂತಿರೋರ್ಗೆ ಯಾಕ್ಲಾ ಗಾಳಿ? ಗೇಯ್ದು ಬಂದೋರ್ಗೆ ಬೇಕು" ಅನ್ನುತ್ತಾರೆ.

ಯಳಂದೂರಿನಲ್ಲಿ ನನ್ನ ತಂಗಿಯ ಮದುವೆ. ಧಾರೆ ಮುಗಿದು ಅಕ್ಷತೆ ಬೀಳುತ್ತಿದ್ದಂತೆ ಇಡೀ ಮಂಟಪ ಕತ್ತಲಾಯಿತು. ವಿಡಿಯೋದವನು ಬೊಬ್ಬೆ ಹೊಡೆದ, ಬೀಗರು ಛತ್ರದವರನ್ನು ಬೈದರು, ಛತ್ರದವರು ಕರೆಂಟಿನವರನ್ನು ಬೈದರು. ನಾನೊಬ್ಬನೇ ಯಾರನ್ನೂ ಬೈಯದೆ ನೇರವಾಗಿ ಸ್ವಿಚ್ ಬೋರ್ಡಿನ ಹತ್ತಿರ ಹೋದೆ. ಅತ್ತೆ ಅಲ್ಲೇ ಇದ್ದರು. "ತಾಳಿ ಕಟ್ಟಾಯ್ತಲ್ಲ, ಇನ್ಯಾರಿಗ್ಲಾ ಬೇಕು ಅಷ್ಟೊಂದ್ ಲೈಟು?" ಅಂದರು. ಇವತ್ತಿಗೂ ಆ ವಿಡಿಯೋದ ಒಂದು ಭಾಗದಲ್ಲಿ ಬರೀ ವಾಲಗ ಕೇಳಿಸುತ್ತದೆ, ಮದುಮಕ್ಕಳು ಕಾಣಿಸುವುದಿಲ್ಲ.

ಅಜ್ಜೀಪುರದ ಚಿಕ್ಕಪ್ಪನದು ಇನ್ನೂ ದೊಡ್ಡ ಕಥೆ. ಅಲ್ಲಿ ತೋಟಕ್ಕೆ ತ್ರೀ ಫೇಸ್ ಕರೆಂಟು ಬರುವುದೇ ಅಪರೂಪ. ಅದು ಬಂದ ಹೊತ್ತಿಗೆ ಚಿಕ್ಕಪ್ಪ ಮೋಟರು ಹಾಕಿ, ಗುದ್ದಲಿ ಹಿಡಿದು ಅರಿಸಿನದ ಸಾಲಿನ ಆ ತುದಿಗೆ ಹೋಗಿ ನಿಂತಿದ್ದರು. ನೀರು ಬಂದೀತು ಬಂದೀತು ಅಂತ ಕಾದಿದ್ದೇ ಬಂತು! ವಾಪಸು ಬಂದು ನೋಡಿದರೆ ಪಂಪ್‌ಸೆಟ್ ಮನೆಯ ಬಾಗಿಲಲ್ಲಿ ಅತ್ತೆ ಸೊಪ್ಪು ಬಿಡಿಸುತ್ತಾ ಕುಳಿತಿದ್ದಾರೆ. "ಪಾಪ, ಯಾರೂ ಇಲ್ದೆ ಒಂದೇ ಓಡ್ತಿತ್ತು ಕಣಪ್ಪ ಮೋಟ್ರು. ನಾನೇ ಆರಿಸ್ದೆ." ಚಿಕ್ಕಪ್ಪ ಮೂರು ತಿಂಗಳು ಅವರ ಹತ್ತಿರ ಮಾತು ಬಿಟ್ಟಿದ್ದರು.

ಇಂಥವರ ಜೊತೆ ಸಂಸಾರ ಮಾಡುವ ಮಾವನ ಪಾಡೇನು ಅಂತೀರಾ? ಮಾವ ಲೈನ್‌ಮನ್ ಆಗಿ ಹನೂರಿನ ಕಡೆ ಮೂವತ್ತು ವರ್ಷ ಕೆಲಸ ಮಾಡಿ ನಿವೃತ್ತರಾದವರು. ಊರಿಗೆಲ್ಲ ಕರೆಂಟು ಕೊಟ್ಟ ಮನುಷ್ಯ ತನ್ನ ಮನೆಯ ಕತ್ತಲಲ್ಲಿ ಪೇಪರಿನಿಂದ ಗಾಳಿ ಹಾಕಿಕೊಂಡು ಕೂರುತ್ತಾರೆ. ಎಡಗೈಯ ಎರಡು ಬೆರಳು ಸೊಟ್ಟಗಿರುವುದರಿಂದ ಪೇಪರು ಆಗಾಗ ಜಾರುತ್ತದೆ. ಎತ್ತಿಕೊಂಡು ಮತ್ತೆ ಬೀಸುತ್ತಾರೆ. ಒಂದು ದಿನವೂ ತುಟಿ ಪಿಟಕ್ ಅಂದವರಲ್ಲ.

ಅತ್ತೆಗೆ ಕೊಳ್ಳೇಗಾಲದ ಒಂದು ಖಾಸಗಿ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಸಹಾಯಕಿಯ ಕೆಲಸ. ಹದಿನೆಂಟು ವರ್ಷ ಯಂತ್ರಗಳ ಧೂಳು ಒರೆಸಿ, ಸಂಜೆ ಒಂದೊಂದನ್ನೇ ಆರಿಸಿ, ಬೀಗ ಹಾಕಿ ಬಂದಿದ್ದಾರೆ. ನಡುವೆ ಕಿವಿಗೆ ಬಿದ್ದಿದ್ದನ್ನೆಲ್ಲ ಕಲಿತುಬಿಟ್ಟರು. ಲಿನಕ್ಸ್ ಅಂತ ಒಂದಿದೆಯಲ್ಲ, ಮೌಸ್ ಹಿಡಿದು ಅಲ್ಲಿ ಇಲ್ಲಿ ಒತ್ತುವ ಬದಲು ಕೀಲಿಮಣೆಯಲ್ಲಿ ಅಪ್ಪಣೆ ಟೈಪ್ ಮಾಡಿ ಕೆಲಸ ತೆಗೆಯುವ ಪದ್ಧತಿ, ಅದು ಅತ್ತೆಗೆ ಹೇಳಿ ಮಾಡಿಸಿದಂತಿತ್ತು. ಅಪ್ಪಣೆ ಕೊಡುವುದನ್ನು ಅವರಿಗೆ ಯಾರಾದರೂ ಕಲಿಸಬೇಕೆ! ಪಾಠ ಮಾಡುವ ಲೆಕ್ಚರರುಗಳೇ ಯಂತ್ರ ಕೈಕೊಟ್ಟರೆ, "ಮೇಡಂ, ಒಸಿ ಬಂದು ನೋಡಿ" ಅಂತ ಕರೆಯುತ್ತಿದ್ದರು. ಆದರೆ ಬೋರ್ಡಿನ ಮುಂದೆ ನಿಂತು ಪಾಠ ಹೇಳುವ ಭಾಗ್ಯ ಅವರಿಗಿರಲಿಲ್ಲ. ಹೋದ ವರ್ಷ ಆಡಳಿತದವರು, ಲಿನಕ್ಸ್ ಸರ್ಟಿಫಿಕೇಟು ತಂದರೆ ಬರುವ ಜೂನಿನಿಂದ ನೀವೇ ಲ್ಯಾಬಿನ ಟೀಚರು, ಇಲ್ಲದಿದ್ದರೆ ಹೊರಗಿನವರನ್ನು ಕರೆಸುತ್ತೇವೆ ಅಂದರು. ಅವತ್ತೇ ಅತ್ತೆ ಪಾಠ ಹೇಳುವಾಗ ಉಡಲು ಅಂತ ಮೂರು ಸೀರೆ ತೆಗೆದಿಟ್ಟರು.

ಮೈಸೂರಿನಲ್ಲಿ ಪರೀಕ್ಷೆ. ಬರೆಯುವುದೇನೂ ಇಲ್ಲ. ಮೂರು ಗಂಟೆಯಲ್ಲಿ ಒಂದು ಯಂತ್ರವನ್ನು ಹೇಳಿದ ಹಾಗೆ ಸಜ್ಜು ಮಾಡಬೇಕು, ಆಮೇಲೆ ಪರೀಕ್ಷೆಯವರ ಇನ್ನೊಂದು ಯಂತ್ರ ಬಂದು ಅದನ್ನು ತಪಾಸಣೆ ಮಾಡುತ್ತದೆ. ಅತ್ತೆ ಎರಡೂಕಾಲು ಗಂಟೆಯಲ್ಲೇ ಮುಗಿಸಿ ಹೊರಗೆ ಬಂದು, ಜೊತೆಗೆ ಹೋಗಿದ್ದ ನನಗೆ ಕಬ್ಬಿನ ಹಾಲು ಕುಡಿಸಿದರು. ನಾಲ್ಕನೇ ದಿನ ಫಲಿತಾಂಶ ಬಂತು.

ಸೊನ್ನೆ.

ಕಡಿಮೆ ಅಂಕ ಅಲ್ಲ ಸ್ವಾಮಿ, ಸೊನ್ನೆ! ಹೆಸರು ಬರೆದಿದ್ದಕ್ಕಾದರೂ ಒಂದು ಕೊಡಬಾರದಿತ್ತೇ? ಅತ್ತೆ ಕೆರಳಿದರು. ನಾನು ತಾಲ್ಲೂಕು ಕಚೇರಿಯಲ್ಲಿ ಟೈಪಿಂಗ್ ಮಾಡುವವನಾದ್ದರಿಂದ ತಕರಾರು ಅರ್ಜಿ ನನ್ನ ತಲೆಗೇ ಬಂತು. ಮೊದಲ ಅರ್ಜಿ ಎರಡು ಪುಟ. "ಫಲಿತಾಂಶ ಸರಿಯಾಗಿದೆ" ಅಂತ ಒಂದೇ ಸಾಲಿನ ಉತ್ತರ ಬಂತು. ಎರಡನೆಯದು ಐದು ಪುಟ. ಅದಕ್ಕೆ ಬಂದ ಉತ್ತರ: "ತಪಾಸಣೆಯ ಹೊತ್ತಿಗೆ ನಿಮ್ಮ ಯಂತ್ರ ಚಾಲನೆಯಲ್ಲಿ ಇರಲಿಲ್ಲ."

ನಾನು ಅತ್ತೆಯ ಮುಖ ನೋಡಿದೆ. ಎದೆಯೊಳಗೆ ಯಳಂದೂರಿನ ವಾಲಗ ಕೇಳಿಸತೊಡಗಿತು.

"ಅತ್ತೆ, ಆರಿಸ್ಬುಟ್ರಾ?"

"ಮತ್ತೆ? ಕೆಲ್ಸ ಮುಗುದ್ಮ್ಯಾಲೆ ಉರೀಲಿ ಅಂತ ಬುಟ್ ಬತ್ತಾರ್ಲಾ ಯಾರಾರ? ಸರ್ಯಾಗೇ ಆರಿಸಿವ್ನಿ. ಅಪ್ಪಣೆ ಕೊಟ್ಟೇ ಆರಿಸಿವ್ನಿ, ವೈರ್ ಕಿತ್ತಿಲ್ಲ."

ಮೂರನೆಯ ಅರ್ಜಿಯಲ್ಲಿ ಅವರು ಹೇಳಿ ಬರೆಸಿದ ವಾದ ಇದು: "ಸಾರಿನ ರುಚಿ ನೋಡುವವರಿಗೆ ಒಲೆ ಉರಿಯುತ್ತಿರಬೇಕೆ? ಬೇಕಾದರೆ ನೀವೇ ಹಚ್ಚಿಕೊಂಡು ನೋಡಿ." ಯಾವ ನ್ಯಾಯಾಲಯವಾದರೂ ಒಪ್ಪುವ ವಾದ! ಪರೀಕ್ಷೆಯವರು ಒಪ್ಪಲಿಲ್ಲ. ಮುಗಿದ ಮೇಲೂ ಯಂತ್ರವನ್ನು ಚಾಲನೆಯಲ್ಲೇ ಬಿಡತಕ್ಕದ್ದು ಅನ್ನುವ ಸೂಚನೆಯ ಪ್ರತಿ ಕಳಿಸಿ, ಜೂನಿಗೆ ಮುಂಚೆ ಇನ್ನೊಂದು ಸಲ ಕೂರಬಹುದು ಅಂದರು.

"ಇದನ್ನ ಓದ್ಲಿಲ್ವಾ ಅತ್ತೆ?"

"ಓದಿದ್ದೆ ಕಣ್ಲಾ." ಅತ್ತೆಯ ದನಿ ಸಣ್ಣಗಾಯಿತು. "ಕೈ ಕೇಳ್ಲಿಲ್ಲ. ಇನ್ನೊಂದ್ ಸಲ ಕುಂತ್ರೂ ಕೇಳಾಕಿಲ್ಲ. ಆ ಸೀರೆಗಳ್ನ ಒಳಗ್ ಮಡಗ್ಬುಡು."

ಆಗ ಮೂಲೆಯಲ್ಲಿ ಬೀಸುತ್ತಿದ್ದ ಪೇಪರು ನಿಂತಿತು.

"ಸೊನ್ನೆ ಅವ್ಳಿಗಲ್ಲ ಕಣ್ಲಾ, ನಂಗ್ ಬರ್ಬೇಕಾದ್ದು" ಅಂದರು ಮಾವ.

ಅವರಿಗೆ ಮದುವೆಯಾದ ವರ್ಷವಂತೆ. ಲೈನು ಬಂದ್ ಮಾಡಿಸಿಯೇ ಮಾವ ಕಂಬ ಹತ್ತಿದ್ದರು. ಯಾರದೋ ಮನೆಯ ಜನರೇಟರಿನ ಕರೆಂಟು ತಂತಿಯಲ್ಲಿ ಹಿಂದಕ್ಕೆ ಹರಿದು ಬಂದು ಮಾವನನ್ನು ಕೆಳಕ್ಕೆ ಎಸೆಯಿತು. ಸೊಟ್ಟ ಬೆರಳುಗಳು ಹುಟ್ಟಿನಿಂದ ಬಂದವು ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಸ್ಪತ್ರೆಯಿಂದ ಬಂದು ಮಾವ ಮತ್ತೆ ಕೆಲಸಕ್ಕೆ ಹೊರಟ ದಿನ ಅತ್ತೆ, ಯಾರ ಮನೆಯ ಕರೆಂಟು ಯಾವ ಕಂಬಕ್ಕೆ ಹರಿಯುತ್ತದೋ ಅಂತ ಮನೆಯ ಸ್ವಿಚ್ಚೆಲ್ಲ ಆರಿಸಿ, ಅವರು ಬರುವ ತನಕ ಹಾಗೇ ಕುಳಿತಿದ್ದರಂತೆ. ಆಮೇಲೆ ಮೂವತ್ತು ವರ್ಷ, ಹೋದಲ್ಲಿ ಬಂದಲ್ಲಿ, ಅದೇ ಕೆಲಸ. ಮಾವ ನಿವೃತ್ತರಾದರು, ಅತ್ತೆಯ ಕೈ ಆಗಲಿಲ್ಲ.

"ಕೊಳ್ಳೇಗಾಲದ್ ಸ್ವಿಚ್ಚಿಗೂ ಹನೂರಿನ್ ಕಂಬಕ್ಕೂ ಏನ್ ಸಂಬಂದ ಅತ್ತೆ?" ಎಂದು ಕೇಳಿ, ಕೇಳಿದ ಮರುಗಳಿಗೆಗೇ ಪೆಚ್ಚಾದೆ.

"ಇಲ್ಲ ಅಂತ ನಂಗೊತ್ತಿಲ್ವಾ? ಲಿನಕ್ಸ್ ಕಲ್ತಿವ್ನಿ, ಅಷ್ಟ್ ಗೊತ್ತಿಲ್ವಾ?" ಅಂದರು ಅತ್ತೆ. ಕಣ್ಣೊರೆಸಿಕೊಂಡು, ನನ್ನ ತಲೆಯ ಮೇಲಿದ್ದ ಫ್ಯಾನು ಆರಿಸಿದರು.

ಎರಡನೆಯ ಸಲ ಪಾಸಾದರು, ಈಗ ಮೂರೂ ಸೀರೆಗಳು ಸರದಿಯ ಮೇಲೆ ಕಾಲೇಜಿಗೆ ಹೋಗುತ್ತವೆ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಯಾಕೆಂದರೆ ನನ್ನ ಕಣ್ಣಿಗೆ ಕಟ್ಟಿರುವುದು ಫಲಿತಾಂಶದ ದಿನವಲ್ಲ, ಪರೀಕ್ಷೆಯ ದಿನ. ಅವತ್ತು ಮಾವ ಹಟ ಹಿಡಿದು ಜೊತೆಗೆ ಬಂದರು. ಪರೀಕ್ಷಾ ಕೇಂದ್ರದ ಗೇಟಿನ ಎದುರು, ಹೊಂಗೆ ಮರದ ಕೆಳಗಿನ ಕಲ್ಲುಬೆಂಚಿನ ಮೇಲೆ ಕುಳಿತು, ಚಪ್ಪಲಿ ಬಿಚ್ಚಿ ಪಕ್ಕಕ್ಕಿಟ್ಟರು.

"ನೋಡಮ್ಮಿ, ಕಾಲು ನೆಲದ್ ಮ್ಯಾಲದೆ. ನೀ ಬರೋಗಂಟ ಎತ್ತಾಕಿಲ್ಲ. ಉರೀಲಿ, ಬುಟ್ ಬಾ."

ಮೂರು ಗಂಟೆ ಪೂರ್ತಿ ಮುಗಿದ ಮೇಲೆ ಅತ್ತೆ ಹೊರಗೆ ಬಂದರು, ಬಲಗೈಯನ್ನು ಎಡಗೈಯಲ್ಲಿ ಗಟ್ಟಿಯಾಗಿ ಹಿಡಿದುಕೊಂಡು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೇರವಾಗಿ ಬೆಂಚಿನ ಹತ್ತಿರ ಹೋಗಿ ಮೊದಲು ನೋಡಿದ್ದು ಮಾವನ ಪಾದಗಳನ್ನು. ಅವು ಇಟ್ಟ ಜಾಗದಲ್ಲೇ ಇದ್ದವು, ಸುತ್ತ ಹೊಂಗೆ ಹೂವು ಉದುರಿತ್ತು.

"ಬುಟ್ ಬಂದೆ ಕಣ್ರಿ" ಅಂದರು ಅತ್ತೆ.