ಮೀಟರಿನ ಮರ್ಯಾದೆ

ಉದಯಕುಮಾರನ ಕಾರಿಗೆ ಹೊಸ ಗೇರ್‌ಬಾಕ್ಸ್ ಬಂದ ಮರುದಿನ ಬೆಳಿಗ್ಗೆ ಅದರ ಸ್ಪೀಡೋಮೀಟರಿನ ಮುಳ್ಳು ಸೊನ್ನೆಯ ಮೇಲೆ ಮಲಗಿಬಿಟ್ಟಿತು. ಹೊಸದೆಂದರೆ ಹೊಸದಲ್ಲ, ಗುಜರಿಗೆ ಬಂದ ಯಾವುದೋ ವ್ಯಾನಿನ ಹೊಟ್ಟೆಯಿಂದ ತೆಗೆದದ್ದು. ಗೇರು ಬೀಳುವುದೇನೋ ಬಾಳೆಹಣ್ಣು ಸುಲಿದಷ್ಟು ಸಲೀಸು. ಆದರೆ ವಿದ್ಯಾನಗರದ ಓಣಿಯಿಂದ ಹೊರಟು ದೊಡ್ಡ ರಸ್ತೆಗೆ ಒಂದು ಸುತ್ತು ಹಾಕಿ ಬಂದರೂ ಮುಳ್ಳು ಮಾತ್ರ ಹೋಳಿಗೆ ಉಂಡ ಅಳಿಯನ ಹಾಗೆ ಬಿದ್ದಲ್ಲಿಂದ ಅಲುಗಲಿಲ್ಲ.

ಬೇರೆ ದಿನವಾಗಿದ್ದರೆ ಅವನೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಕಾರಿಗೆ ಹದಿನೈದು ವರ್ಷ ತುಂಬಿತ್ತು. ಅದು ಇನ್ನೂ ರಸ್ತೆಯ ಮೇಲೆ ಓಡಲು ಯೋಗ್ಯವೋ ಅಲ್ಲವೋ ಎಂದು ಅಂದು ಮಧ್ಯಾಹ್ನ ಆರ್‌ಟಿಓ ಇನ್ಸ್‌ಪೆಕ್ಟರ್ ಪರೀಕ್ಷೆ ಮಾಡುವವನಿದ್ದ. ಆ ಪರೀಕ್ಷೆಯ ಮೇಲೆ ಗಂಡಹೆಂಡಿರಲ್ಲಿ ಕರಾರಾಗಿತ್ತು. ಪಾಸಾದರೆ ಕಾರು ಮನೆಯಲ್ಲಿ, ನಪಾಸಾದರೆ ಗುಜರಿಗೆ.

"ಖರೇ ಹೇಳ್ರಿ, ನಿಮಗ ಕಾರ್ ಬೇಕೋ, ಹಟ ಬೇಕೋ?" ಬ್ಯಾಂಕಿಗೆ ಹೊರಟಿದ್ದ ಮಯೂರಿ ಸ್ಕೂಟರಿನ ಮೇಲೆ ಕೂತೇ ಕೇಳಿದಳು.

"ಎರಡೂ ಬೇಕು."

"ಹಟ ಹೆಂಗೂ ಐತಿ. ಕಾರಿಂದು ಸಂಜಿಗೆ ನೋಡೂಣು," ಎಂದು ಅವಳು ಹೊರಟುಹೋದಳು.

ಪಿಯು ಕಾಲೇಜಿನಲ್ಲಿ ಇತಿಹಾಸ ಕಲಿಸುವ ಉದಯಕುಮಾರನಿಗೆ ಹಳೆಯದರ ಮೇಲೆ ಮಮತೆ ಇದ್ದದ್ದು ಸಹಜ. ಆದರೆ ಈ ಕಾರಿನ ಮಾತೇ ಬೇರೆ. ಅದು ಅವರ ಮನೆತನದ ಮೊದಲ ಕಾರು. ಕೊಂಡ ಹೊಸದರಲ್ಲಿ ಅವ್ವ ಸಾವಕ್ಕನನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ತಮ್ಮ ಊರು ಉಪ್ಪಿನಬೆಟಗೇರಿಗೆ ಹೋಗಿದ್ದ. ಅಪ್ಪ ಗಂಗಪ್ಪ ಯಾವ ಓಣಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕಾಗಿತ್ತೋ ಆ ಓಣಿ ಬಂದಾಗ ಅವ್ವ, "ಹಾರ್ನ್ ಹೊಡಿ ತಮ್ಮಾ" ಎಂದಿದ್ದಳು. "ಎದುರಿಗೆ ಯಾರೂ ಇಲ್ಲಬೇ" ಎಂದರೆ, "ಇರದಿದ್ರ ಇರವಲ್ರು, ನೀ ಹೊಡಿ" ಎಂದಿದ್ದಳು. ಅಂಥ ಕಾರನ್ನು ಒಂದು ಮುಳ್ಳಿಗೆ ಅಂಜಿ ಗುಜರಿಗೆ ಹಾಕುವುದೆ? ಸಾಧ್ಯವೇ ಇಲ್ಲ!

"ಮುಳ್ಳು ಏಳವಲ್ದೇನ್ರಿ ಸರ?"

ಕಂಪೌಂಡಿನ ಮೇಲೆ ಒಂದು ತಲೆ ಮೂಡಿತು. ಪಕ್ಕದ ಮನೆಯ ಗುರುಶಿದ್ದಪ್ಪನದು. ಸರ್ಕಾರಿ ನೌಕರಿಯಿಂದ ನಿವೃತ್ತನಾದ ಮೇಲೆ ಇಡೀ ಓಣಿಯ ಕಷ್ಟಸುಖವನ್ನು ಆತ ಸ್ವಂತ ಇಲಾಖೆ ಮಾಡಿಕೊಂಡಿದ್ದ. ಯಾರ ಮನೆಯ ನಲ್ಲಿ ಸೋರಿದರೂ ನಲ್ಲಿ ರಿಪೇರಿಯವನಿಗಿಂತ ಮೊದಲು ಗುರುಶಿದ್ದಪ್ಪ ಹಾಜರು.

"ಸಣ್ಣ ತೊಂದರಿ ಕಾಕಾ. ಬಡೇಸಾಬನ ಕಡೆ ಹೊಂಟೇನಿ."

"ನಿಲ್ಲರಿ, ನಾನೂ ಬಂದೆ. ಒಬ್ಬರ ಹೋದ್ರ ಟೋಪಿ ಹಾಕ್ತಾರ."

ಬೇಡವೆನ್ನುವಷ್ಟರಲ್ಲಿ ಆತ ಚಶ್ಮಾ ಏರಿಸಿಕೊಂಡು ಮುಂದಿನ ಸೀಟಿನಲ್ಲಿ ಕೂತಾಗಿತ್ತು.

ಗೋಕುಲ ರಸ್ತೆಯ ಗ್ಯಾರೇಜಿನಲ್ಲಿ ಬಡೇಸಾಬ ಕಾರಿನಡಿ ನುಸುಳಿ ಟಾರ್ಚು ಬಿಟ್ಟು ನೋಡಿದ. ಗೇರ್‌ಬಾಕ್ಸಿನ ಪಕ್ಕೆಯಲ್ಲಿ ಹೆಬ್ಬೆರಳಿನಷ್ಟು ಸಣ್ಣ ಪ್ಲಾಸ್ಟಿಕ್ಕಿನ ಹಲ್ಲುಗಾಲಿಯೊಂದು ಇರಬೇಕು. ಕಾರು ಓಡಿದಂತೆ ಅದು ತಿರುಗಿ ಕೇಬಲ್ಲನ್ನು ತಿರುಗಿಸಬೇಕು, ಕೇಬಲ್ಲು ಮುಳ್ಳನ್ನು ಎಬ್ಬಿಸಬೇಕು. ಈ ಗೇರ್‌ಬಾಕ್ಸಿನಲ್ಲಿ ಆ ಜಾಗ ಖಾಲಿ.

"ಅರೆ, ಇದು ಬೊಚ್ಚಬಾಯಿ ಐತಿ ಸರ!" ಬಡೇಸಾಬ ಕೆಳಗಿನಿಂದಲೇ ಕೂಗಿದ.

"ನಿನ್ನೆ ಕೂಡಸೂ ಮುಂದ ನೋಡಲಿಲ್ಲೇನು?"

"ನಿನ್ನೆ ಗೇರ್ ನೋಡಿದೆ ಸರ. ನೀವು ಮೀಟರ್ ಅಂತ ಎಲ್ಲಿ ಹೇಳಿದ್ರಿ? ಫಿಕರ್ ಮಾಡಬ್ಯಾಡ್ರಿ. ನಿಮ್ಮ ಹಳೇ ಗೇರ್‌ಬಾಕ್ಸಿಂದು ಹಲ್ಲು ತೆಗೆದು ಇದಕ್ಕ ಇಡ್ತೇನಿ. ಚಾ ಕುಡಿಯೂದ್ರಾಗ ಕೆಲಸ ಖತಂ."

ಚಹಾ ಕುಡಿಯುವುದರಲ್ಲಿ ಕೆಲಸ ಮುಗಿದದ್ದು ನಿಜ. ಗ್ಯಾರೇಜಿನಿಂದ ಹೊರಬೀಳುತ್ತಲೇ ಮುಳ್ಳು ಮಲಗಿದಲ್ಲಿಂದ ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಎರಡನೇ ಗೇರಿಗೆ ಐವತ್ತು, ಮೂರನೆಯದಕ್ಕೆ ತೊಂಬತ್ತು.

"ಸರ, ಸಾವಕಾಶ! ಮನ್ಯಾಗ ಮೊಮ್ಮಕ್ಕಳದಾವು ನನಗ!" ಗುರುಶಿದ್ದಪ್ಪ ಎರಡೂ ಕೈಯಲ್ಲಿ ಬಾಗಿಲ ಹಿಡಿಕೆ ತಬ್ಬಿಕೊಂಡ.

ಅದೇ ಹೊತ್ತಿಗೆ ಹಿಂದೆ ದೊಡ್ಡ ಕ್ಯಾನು ಕಟ್ಟಿಕೊಂಡ ಹಾಲಿನವನೊಬ್ಬ ಹಳೇ ಮೊಪೆಡ್ಡಿನ ಮೇಲೆ ಅವರನ್ನು ದಾಟಿಕೊಂಡು ಆರಾಮಾಗಿ ಮುಂದೆ ಹೋದ. ಹೋಗುತ್ತ ಕಾರಿನೊಳಗೆ ಇಣುಕಿ, "ಬಂದ್ ಬಿದ್ದೈತೇನ್ರಿ? ದೂಕಬೇಕೇನು?" ಎಂದು ಕೇಳಿದ.

ಗುರುಶಿದ್ದಪ್ಪ ಹಿಡಿಕೆ ಬಿಟ್ಟು ಮುಳ್ಳನ್ನು ನೋಡಿದ, ಹಾಲಿನವನ ಬೆನ್ನು ನೋಡಿದ. "ಹಂಗಾದ್ರ ಅಂವಾ ನೂರಾ ಹತ್ತರ ಮ್ಯಾಲ ಹೊಂಟಾನು!"

ಕಾರು ಮತ್ತೆ ಗ್ಯಾರೇಜಿಗೆ ಬಂತು. ಹಳೆಯ ಗಾಲಿಗೆ ಹಲ್ಲು ಕಡಿಮೆ ಇದ್ದುದರಿಂದ ಈ ಗೇರ್‌ಬಾಕ್ಸಿನಲ್ಲಿ ಅದು ಹುಚ್ಚು ಹಿಡಿದ ಹಾಗೆ ತಿರುಗುತ್ತಿದೆ ಎಂದು ಬಡೇಸಾಬ ತಲೆ ಕೆರೆದುಕೊಂಡ. "ಒಂದು ಲೆಕ್ಕದಾಗ ಛಲೋನ ಆತಲ್ರಿ ಸರ? ಹಳೇ ಗಾಡಿ, ಜೋರು ತೋರಸ್ತೈತಿ!"

"ಮೂರು ಪಾಲು ಮಾಡ್ಕೊಂಡು ಓದ್ರಿ," ಗುರುಶಿದ್ದಪ್ಪ ಸಲಹೆ ಕೊಟ್ಟ. "ತೊಂಬತ್ತು ತೋರಿಸಿದ್ರ ಮೂವತ್ತು ಅಂತ ತಿಳಕೋರಿ. ಕಲಿತವರು ನೀವು, ಅಷ್ಟು ಬರೂದಿಲ್ಲೇನು?"

"ಅಥವಾ ಮೊಬೈಲ್ ಹಚ್ಚಿಬಿಡ್ರಿ ಅಲ್ಲೇ. ಅದರಾಗ ಸ್ಪೀಡ್ ಕಾಣ್ತೈತಿ," ಎಂದ ಬಡೇಸಾಬ.

"ಇನ್ಸ್‌ಪೆಕ್ಟರ್ ಬಂದಾಗ ಮುಳ್ಳಿನ ಮ್ಯಾಲ ಬಟ್ಟಿ ಹಾಕಿಬಿಡ್ರಿ. ಧೂಳು ಬೀಳ್ತೈತಿ ಅಂತ ಹೇಳೂಣು," ಎಂದ ಗುರುಶಿದ್ದಪ್ಪ.

"ಸಾಕು!" ಉದಯಕುಮಾರನ ದನಿಗೆ ಪಕ್ಕದ ಪಂಕ್ಚರ್ ಅಂಗಡಿಯವನೂ ಹೊರಗೆ ಬಂದ. "ಅರ್ಧಾ ಸುಳ್ಳು, ಪೂರಾ ಸುಳ್ಳು, ಯಾವುದೂ ಬ್ಯಾಡ. ನನ್ನ ಕಾರು ಎಷ್ಟರಾಗ ಹೋಗತೈತೋ ಅಷ್ಟನ್ನ ನನ್ನ ಮೀಟರ್ ತೋರಿಸಬೇಕು. ಒಂದು ಕೂದಲೆಳಿ ಹೆಚ್ಚಿಲ್ಲ, ಕಡಿಮಿ ಇಲ್ಲ. ಈ ಗೇರ್‌ಬಾಕ್ಸಿನ ಸ್ವಂತ ಹಲ್ಲು ಎಲ್ಲೈತಿ ಹೇಳು."

ಅದು ಶಹಜಹಾನಬೇಗಂಳ ಗುಜರಿಯಲ್ಲಿ, ಅದೇ ವ್ಯಾನಿನ ಕೇಬಲ್ಲಿಗೇ ಉಳಿದಿರಬೇಕು ಎಂದ ಬಡೇಸಾಬ.

ಶಹಜಹಾನಬೇಗಂ ಎಂದರೆ ಗುಜರಿ ಸಾಮಾನಿನ ಗುಡ್ಡದ ಮುಂದೆ ಕುರ್ಚಿ ಹಾಕಿಕೊಂಡು ಕೂತ ಹಿರಿಯ ಹೆಂಗಸು. ಮೂವರೂ ಬಂದದ್ದನ್ನು ನೋಡಿ ಆಕೆ, "ಬೆರಳಿನಷ್ಟ ಸಾಮಾನಿಗೆ ದಿಬ್ಬಣ ಕಟ್ಕೊಂಡ ಬಂದೀರಲ್ಲ," ಎಂದು ನಕ್ಕಳು. "ವ್ಯಾನ ಅಲ್ಲೈತಿ. ಅದರ ಕೆಳಗ ನನ್ನ ಆಡು ಮಲಗೈತಿ. ಎಬ್ಬಸಬ್ಯಾಡ್ರಿ, ಬಸರಿ ಐತಿ."

ಗಾಲಿಗಳಿಲ್ಲದ ವ್ಯಾನು ಕಲ್ಲುಗಳ ಮೇಲೆ, ನೆಲದಿಂದ ಮೊಳದಷ್ಟೇ ಎತ್ತರದಲ್ಲಿ ಕೂತಿತ್ತು. ಬಡೇಸಾಬ ತನ್ನ ಹೊಟ್ಟೆ ನೋಡಿಕೊಂಡ, ಗುರುಶಿದ್ದಪ್ಪ ಆಕಾಶ ನೋಡಿದ. ಉದಯಕುಮಾರ ಇಬ್ಬರನ್ನೂ ನೋಡಿ, ಇಸ್ತ್ರಿ ಮಾಡಿದ ಅಂಗಿಯ ತೋಳು ಮಡಚಿ ತಾನೇ ಅಂಗಾತ ನುಸುಳಿದ. ಒಳಗೆ ಅರ್ಧ ಜಾಗ ಆಡಿನದು. ಅದು ಹೊಸ ಬಾಡಿಗೆದಾರನನ್ನು ನೋಡುವ ಮನೆ ಮಾಲೀಕಳ ಹಾಗೆ ಅವನನ್ನು ನೋಡಿ, ಅಂಗಿಯ ಕಾಲರಿಗೆ ಬಾಯಿ ಹಾಕಿತು. ಅವನು ಒಂದು ಕೈಯಲ್ಲಿ ಕಾಲರು ಬಿಡಿಸಿಕೊಳ್ಳುತ್ತ ಇನ್ನೊಂದು ಕೈಯಲ್ಲಿ ಕೇಬಲ್ಲು ತಡವಿದ. ಕೊನೆಗೂ ತುದಿ ಸಿಕ್ಕಿತು. ತಿರುವಿ ಎಳೆದರೆ ಹಳೆಯ ಆಯಿಲ್ಲು ಹಣೆಯ ಮೇಲೆ ಸುರಿಯಿತು, ಅದರ ಹಿಂದೆಯೇ ಬಿಳಿಯ ಹಲ್ಲುಗಾಲಿ ಎದೆಯ ಮೇಲೆ ಬಿತ್ತು.

ಹೊರಗೆ ಬಂದವನ ಕಾಲರು ಅರ್ಧ ಇರಲಿಲ್ಲ. ಮುಖ ಎಣ್ಣೆಗಂಬದ ಹಾಗೆ ಮಿಂಚುತ್ತಿತ್ತು. ಆದರೆ ಗಾಲಿಯನ್ನು ಎತ್ತಿ ಹಿಡಿದ ರೀತಿ ನೋಡಿದರೆ ಕೋಟೆ ಗೆದ್ದು ಬಂದಂತಿತ್ತು.

"ತಗೊಂಡ ಹೋಗ್ರಿ ಮಾಸ್ತರ, ಅದಕ್ಕೇನ್ ರೊಕ್ಕ," ಎಂದಳು ಶಹಜಹಾನಬೇಗಂ. "ಅಂಗಿ ಲೆಕ್ಕಕ್ಕ ಜಮಾ ಆತು."

ಈ ಸಲ ಬಡೇಸಾಬ ಗಾಲಿ ಕೂಡಿಸಿದಾಗ ಮುಳ್ಳು ಹೊಸ ಸೊಸೆಯಂತೆ ಹದವಾಗಿ ಎದ್ದು, ಹದವಾಗಿ ನಡೆದು, ನಿಲ್ಲಿಸಿದಾಗ ಹದವಾಗಿ ಕೂತಿತು.

ಆರ್‌ಟಿಓ ಮೈದಾನದಲ್ಲಿ ಇನ್ಸ್‌ಪೆಕ್ಟರು ಮೊದಲು ಕಾರನ್ನಲ್ಲ, ಉದಯಕುಮಾರನ ಕಾಲರನ್ನು ಪರೀಕ್ಷಿಸಿದ. ಆಮೇಲೆ ದೀಪ ನೋಡಿದ, ಬ್ರೇಕು ನೋಡಿದ, ತಾನೇ ಕೂತು ಒಂದು ಸುತ್ತು ಓಡಿಸಿದ. ಇಳಿದು ಬಂದು, "ಈ ವಯಸ್ಸಿನ ಗಾಡಿಯೊಳಗ ಮೀಟರ್ ನಡಿಯೂದು ನೋಡಿ ಭಾಳ ದಿನಾ ಆಗಿತ್ರಿ. ಪಾಸ್," ಎಂದ.

ಉದಯಕುಮಾರ ಅಲ್ಲಿಂದಲೇ ಮಯೂರಿಗೆ ಫೋನು ಮಾಡಿ, "ಪಾಸಾತು!" ಎಂದು ಕೂಗಿದ. ಹತ್ತನೇ ಇಯತ್ತೆಯ ರಿಸಲ್ಟ್ ಬಂದಾಗಲೂ ಅವನು ಹಾಗೆ ಕೂಗಿರಲಿಲ್ಲ.

ಅಲ್ಲಿಂದ ನೇರ ಮನೆಗೆ ಹೋಗಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ದಾರಿಯಲ್ಲಿ ಗುರುಶಿದ್ದಪ್ಪ ಗಂಟಲು ಸರಿಮಾಡಿಕೊಂಡ.

"ಅಲ್ರಿ ಸರ, ಮೈದಾನದಾಗ ಅಂವಾ ಓಡಿಸಿದ್ದು ಮೂವತ್ತರಾಗ. ಸಣ್ಣ ಸ್ಪೀಡಿನ್ಯಾಗ ಎಲ್ಲಾ ಮೀಟರೂ ಖರೇನ ಹೇಳ್ತಾವು. ಮ್ಯಾಲ ಹೋದಾಗ ಇದರ ಬಣ್ಣ ಬಯಲಾಗತೈತಿ."

ಉದಯಕುಮಾರನ ಕಿವಿ ಬಿಸಿಯಾಯಿತು. "ಮೊಬೈಲ್ ತೆಗೀರಿ ಕಾಕಾ. ಅದರಾಗ ಸ್ಪೀಡ್ ಓದ್ರಿ, ನಾನು ಮುಳ್ಳಿಂದು ಓದ್ತೇನಿ."

ಕಾರು ಮನೆಯ ತಿರುವು ಬಿಟ್ಟು ಧಾರವಾಡದ ದಾರಿ ಹಿಡಿಯಿತು. ಬಸ್ಸಿಗೆಂದೇ ಬಿಟ್ಟ ಪಕ್ಕದ ಪಟ್ಟಿಯಲ್ಲಿ ಚಿಗರಿ ಬಸ್ಸು ಸುಯ್ಯೆಂದು ಹೋಗುತ್ತಿತ್ತು.

"ಐವತ್ತು," ಚಶ್ಮಾ ಮೂಗಿನ ಮೇಲೆ ಒತ್ತಿಕೊಂಡು ಗುರುಶಿದ್ದಪ್ಪ ಓದಿದ.

"ಇಲ್ಲೂ ಐವತ್ತು! ಮುಂದ?"

"ಅರವತ್ತು."

"ಅರವತ್ತು!"

"ಎಪ್ಪತ್ತು... ಸರ, ಹೌದ್ರಿ, ಸರಿ ಐತಿ. ಒಪ್ಪಿದೆ."

"ಈಗ ಒಪ್ಪಬ್ಯಾಡ್ರಿ. ಪೂರಾ ನೋಡಿ ಒಪ್ಪರಿ!"

ಎಪ್ಪತ್ತೆಂಟು ಎಂದು ಇಬ್ಬರೂ ಒಂದೇ ದನಿಯಲ್ಲಿ ಕೂಗಿದಾಗ ಎದುರಿಗೆ ಪೊಲೀಸರ ಕೈ ಕಾಣಿಸಿತು. ಉದಯಕುಮಾರ ಗಕ್ಕನೆ ಬ್ರೇಕು ಒತ್ತಿದ. ಗುರುಶಿದ್ದಪ್ಪನ ಚಶ್ಮಾ ಹಾರಿ ಕೆಳಗೆ ಬಿತ್ತು. ಹುಡುಕಲು ಹೋದವನ ಬೂಟಿನಡಿಯೇ ಅದು ಪುಡಿಯಾಯಿತು.

ಸಂಚಾರ ಪೊಲೀಸರ ಸಬ್‌ಇನ್ಸ್‌ಪೆಕ್ಟರ್ ಮಾಲತೇಶ ತಾಳ್ಮೆಯ ಮನುಷ್ಯ. ಕೈಯಲ್ಲಿದ್ದ ವೇಗ ಅಳೆಯುವ ಯಂತ್ರದ ಕಡೆ ನೋಡಿ, "ಎಪ್ಪತ್ತೆಂಟು ಬಂದೈತ್ರಿ. ಇಲ್ಲಿ ಅರವತ್ತರ ಮ್ಯಾಲ ಹೋಗುವಂಗಿಲ್ಲ," ಎಂದ. ಬಳಿಕ ಕಾರನ್ನು ಹಿಂದೆಮುಂದೆ ನೋಡಿದ. ಆಯಿಲ್ಲು ಮೆತ್ತಿದ ಮುಖ, ಅರ್ಧ ಕಾಲರಿನ ಅಂಗಿ, ಚಶ್ಮಾದ ಚೂರು ಹಿಡಿದು ಕೂತ ಮುದುಕ. ಅವನಿಗೆ ಕನಿಕರ ಬಂತು.

"ಹಳೇ ಗಾಡಿ. ಮೀಟರ್ ಕೆಟ್ಟಿರಬೇಕು ಪಾಪ, ನಿಮಗ ಗೊತ್ತಾಗಿಲ್ಲ. ಹೌದಲ್ರಿ? ಹೌದು ಅಂದುಬಿಡ್ರಿ. ಈ ಸಲ ಎಚ್ಚರಿಕಿ ಕೊಟ್ಟು ಬಿಡ್ತೇನಿ."

"ಹೌದ್ರಿ ಸಾಹೇಬ್ರ, ಪೂರಾ ಕೆಟ್ಟೈತಿ!" ಗುರುಶಿದ್ದಪ್ಪ ಕೈ ಮುಗಿದ.

ಉದಯಕುಮಾರ ಬಾಗಿಲು ತೆರೆದು ಕೆಳಗಿಳಿದ. ಬೆಳಗಿನಿಂದ ಕುದಿಯುತ್ತಿದ್ದುದೆಲ್ಲ ಒಮ್ಮೆಲೇ ಉಕ್ಕಿತು.

"ಏನಂದ್ರಿ? ಕೆಟ್ಟೈತಿ? ಈ ಮೀಟರಿಗೋಸ್ಕರ ಬಸರಿ ಆಡಿನ ಬಾಜೂಕ ಮಲಗಿ ಬಂದೇನಿ ನಾನು! ನಿಮ್ಮ ಮಷೀನಿನ್ಯಾಗ ಎಷ್ಟು? ಎಪ್ಪತ್ತೆಂಟು. ಇವರ ಮೊಬೈಲಿನ್ಯಾಗ? ಎಪ್ಪತ್ತೆಂಟು. ನನ್ನ ಮೀಟರಿನ್ಯಾಗೂ ಎಪ್ಪತ್ತೆಂಟ! ನಾನು ಕಣ್ಣಾರೆ ನೋಡಿಕೋತನ ಓಡಿಸೇನಿ. ಇಡೀ ಹುಬ್ಬಳ್ಳಿ-ಧಾರವಾಡದಾಗ ಇಷ್ಟು ಕರೆಕ್ಟ್ ಮೀಟರ್ ಇನ್ನೊಂದು ತೋರಸ್ರಿ!"

ಮಾಲತೇಶ ಜೇಬಿನಿಂದ ಪೆನ್ನು ತೆಗೆದ.

"ಭಾಳ ಸಂತೋಷ್ರಿ," ಎಂದ. "ಮೀಟರ್ ಕೆಟ್ಟಿದ್ರ ಅದು ತಿಳೀದ ಆದ ತಪ್ಪು. ಕರೆಕ್ಟ್ ಇದ್ರ ತಿಳಿದೂ ತಿಳಿದೂ ಮಾಡಿದ್ದು. ಲೈಸೆನ್ಸ್ ಕೊಡ್ರಿ. ಆರ್‌ಟಿಓಕ್ಕ ಕಳಸ್ತೇವಿ. ಮೂರು ತಿಂಗಳು ನೀವು ಸ್ಟೇರಿಂಗ್ ಮುಟ್ಟುವಂಗಿಲ್ಲ."

ಕಾರು ಪಾಸಾದ ದಿನವೇ ಡ್ರೈವರ್ ನಪಾಸಾದ.

ಮಯೂರಿಗೆ ಸ್ಕೂಟರು ಬಿಟ್ಟು ಬೇರೆ ಓಡಿಸಲು ಬಾರದು. ಹತ್ತಿರದಲ್ಲಿ ಲೈಸೆನ್ಸ್ ಇದ್ದವನು ಗುರುಶಿದ್ದಪ್ಪ ಒಬ್ಬನೇ. ಆತ ಸೀಟು ಮುಂದೆ ಎಳೆದುಕೊಂಡು, ಕನ್ನಡಿ ತಿರುಗಿಸಿಕೊಂಡು, ಮಾಲತೇಶನಿಗೊಂದು ಸಲಾಮು ಹೊಡೆದು ಕಾರು ಎಬ್ಬಿಸಿದ. ಉದಯಕುಮಾರ ಸೆಟೆದುಕೊಂಡು ಹಿಂದಿನ ಸೀಟಿನಲ್ಲಿ ಕೂತ.

ಒಂದಿಷ್ಟು ದೂರ ಹೋದ ಮೇಲೆ ಗುರುಶಿದ್ದಪ್ಪ ಮೆಲ್ಲಗೆ ಕೇಳಿದ.

"ಸರ, ಬ್ಯಾಸರಾ ಮಾಡ್ಕೋಬ್ಯಾಡ್ರಿ. ರಸ್ತಾ ಏನೋ ಸ್ವಚ್ಛ ಕಾಣ್ತೈತಿ. ಆದ್ರ ಹತ್ತರದ್ದು ನನಗ ಚಶ್ಮಾ ಇಲ್ಲದ ಕಾಣೂದಿಲ್ಲ. ಮುಳ್ಳು ಎಷ್ಟರಾಗೈತಿ, ಸ್ವಲ್ಪ ನೋಡಿ ಹೇಳ್ರಿ?"

ಉದಯಕುಮಾರ ಎರಡು ಸೀಟುಗಳ ನಡುವೆ ಕುತ್ತಿಗೆ ಚಾಚಿದ. ವಿದ್ಯಾನಗರ ಮುಟ್ಟುವ ತನಕ, ತರಗತಿಯಲ್ಲಿ ಹಾಜರಿ ಕರೆಯುವ ದನಿಯಲ್ಲಿ, ಅವನು ಓದುತ್ತಲೇ ಹೋದ.

"ಇಪ್ಪತ್ತು... ಇಪ್ಪತ್ತೆರಡು... ಹದಿನೆಂಟು..."